ಓವರಿ (ಅಂಡಾಶಯ) ತೆಗೆಸಿದ ಮೇಲೆ ಏರಿದ ಕೊಲೆಸ್ಟ್ರಾಲು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದ ತಿಂಗಳುಗಳು

ನಂಗೆ ಗರ್ಭಕೋಶದ ಆಪರೇಶನ್ ಆಗಿದ್ದು 2021ರ ನವೆಂಬರಲ್ಲಿ, ಆಗ ನಂಗೆ 44 ವರ್ಷ. ಫೈಬ್ರಾಯ್ಡ್ ಗಡ್ಡೆ ಇತ್ತು, ತಿಂಗಳಿಗೆ ಹತ್ತು ಹನ್ನೆರಡು ದಿನ ಬ್ಲೀಡಿಂಗು, ಹಿಮೋಗ್ಲೋಬಿನ್ 7ಕ್ಕೆ ಇಳಿದು ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರ್ತಿತ್ತು, ಹಂಗಾಗಿ ಗರ್ಭಕೋಶ ತೆಗೆಸೋಕೆ ನಂದೇನೂ ತಕರಾರಿರ್ಲಿಲ್ಲ. ಆದ್ರೆ ಆಪರೇಶನ್ ಹಿಂದಿನ ರಾತ್ರಿ ನರ್ಸಿಂಗ್ ಹೋಮಲ್ಲಿ ಸೈನ್ ಹಾಕಿಸ್ಕೊಳ್ಳೋಕೆ ಬಂದ ಡಾಕ್ಟ್ರು "ಮಕ್ಕಳಾಗಿವೆ ತಾನೆ, ಎರಡೂ ಓವರಿನೂ ತೆಗೆದ್ಬಿಡೋಣ, ಮುಂದೆ ಕ್ಯಾನ್ಸರ್ ಭಯ ಇರಲ್ಲ" ಅಂದ್ರು, ನಾನೂ ನಮ್ಮೆಜಮಾನ್ರೂ ಮುಖ ಮುಖ ನೋಡ್ಕೊಂಡು ಹೂಂ ಅಂದ್ವಿ. ಎರಡು ನಿಮಿಷದ ಮಾತು. ಓವರಿ ಹೋದ್ರೆ ಮೂಳೆಗೇನಾಗುತ್ತೆ, ಹಾರ್ಟಿಗೇನಾಗುತ್ತೆ, ರಕ್ತದ ಕೊಬ್ಬಿಗೇನಾಗುತ್ತೆ ಅಂತ ಯಾರೂ ಹೇಳ್ಲಿಲ್ಲ, ಕೇಳ್ಬೇಕು ಅಂತ ನಂಗೆ ಗೊತ್ತೂ ಇರ್ಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ, ಇದನ್ನ ಬರೆಯೋಕೆ ಕೂತಿರೋದೂ ಅದಕ್ಕೇ.

ನಾನು ಹುಟ್ಟಿ ಬೆಳೆದಿದ್ದು ಮಂಡ್ಯ ಹತ್ರದ ಹಳ್ಳಿ, ಮದುವೆಯಾಗಿ ಮೈಸೂರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಸರಸ್ವತಿಪುರಂನಲ್ಲಿ ಮನೆ ಮುಂದಿನ ರೂಮಲ್ಲೇ ಟೈಲರಿಂಗ್ ಮಾಡ್ತೀನಿ. ಬ್ಲೌಸು, ಫಾಲ್ಸು, ದಸರಾ ಟೈಮಲ್ಲಿ ಲಂಗ ದಾವಣಿ. ಬೆಳಗ್ಗೆ ಹತ್ತಕ್ಕೆ ಮೆಶಿನ್ ಮುಂದೆ ಕೂತ್ರೆ ಸಂಜೆ ಏಳರ ತನಕ ಅಲ್ಲೇ, ಮೆಶಿನ್ನಿಗೆ ಮೋಟ್ರು ಹಾಕ್ಸಿದ್ಮೇಲೆ ಕಾಲಿಗೂ ಕೆಲಸ ಇಲ್ಲ.

ಆಪರೇಶನ್ ಆಗಿ ಮೂರನೇ ವಾರಕ್ಕೇ ಮೈ ಬಿಸಿಯಾಗೋದು ಶುರುವಾಯ್ತು. ವಯಸ್ಸಿಗೆ ಸರಿಯಾಗಿ ಮುಟ್ಟು ನಿಲ್ಲೋರಿಗೆ ವರ್ಷಗಟ್ಲೆ ನಿಧಾನಕ್ಕೆ ಆಗೋದು ನಂಗೆ ರಾತ್ರೋರಾತ್ರಿ ಆಗೋಗಿತ್ತು. ಎದೆಯಿಂದ ಒಂದು ಬಿಸಿ ಎದ್ದು ಕುತ್ತಿಗೆ, ಕಿವಿ, ತಲೆವರೆಗೂ ಹತ್ತೋದು, ಬ್ಲೌಸ್ ಬೆನ್ನು ಪೂರ್ತಿ ಒದ್ದೆ, ಆಮೇಲೆ ಚಳಿ. ರಾತ್ರಿ ನಾಲ್ಕು ಸಲ ಏಳ್ತಿದ್ದೆ. ಇದು ಹೊರಗೆ ಕಾಣೋ ತೊಂದ್ರೆ, ಇದನ್ನ ಎಲ್ರಿಗೂ ಹೇಳ್ಕೊಂಡೆ. ಒಳಗೆ ನಡೀತಿದ್ದಿದ್ದು ಕಾಣಿಸ್ಲೇ ಇಲ್ಲ. ಕಂಡಿದ್ದು ಒಂದೇ, ನನ್ನ ಟೇಪು. ಎಲ್ರ ಸೊಂಟ ಅಳೆಯೋಳು ನಾನು, ನನ್ನ ಅಳತೆ ನಂಗೆ ಬಾಯಿಪಾಠ, 33 ಇಂಚು. ಎರಡು ವರ್ಷದಲ್ಲಿ ಅದು 37 ಆಯ್ತು, ಆದ್ರೆ ತೂಕ ಏರಿದ್ದು ಬರೀ 5 ಕೆಜಿ. ಕೈಕಾಲು ಹಂಗೇ ಇದ್ವು, ತೊಡೆ ಇನ್ನೂ ಸಣ್ಣ ಆಗಿತ್ತು, ಏರಿದ್ದೆಲ್ಲ ಹೊಟ್ಟೆಗೆ. ಓವರಿ ತಯಾರ್ಸೋ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇರೋವಾಗ ಕೊಬ್ಬು ತೊಡೆ, ಹಿಂಭಾಗದಲ್ಲಿ ಕೂರುತ್ತೆ, ಅದು ಹೋದ್ಮೇಲೆ ಹೊಟ್ಟೆ ಒಳಗೆ ಲಿವರ್ ಸುತ್ತ ಜಮಾಯಿಸುತ್ತೆ ಅಂತ ಆಮೇಲೆ ಗೊತ್ತಾಯ್ತು.

2024ರ ಫೆಬ್ರವರಿಯಲ್ಲಿ ಹೊಟ್ಟೆ ಬಲಗಡೆ ಭಾರ ಭಾರ ಅನ್ನಿಸ್ತಿದೆ ಅಂತ ಫಿಸಿಶಿಯನ್ ಹತ್ರ ಹೋದೆ, ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಅಂತ ಬಂತು, ಲಿವರಿಗೆ ಪೆಟ್ಟಾದ್ರೆ ಏರೋ ಎಸ್‌ಜಿಪಿಟಿ 58, ಮಾರನೇ ದಿನ ಖಾಲಿ ಹೊಟ್ಟೇಲಿ ರಕ್ತ ಕೊಟ್ಟಿದ್ದಕ್ಕೆ ಟೋಟಲ್ ಕೊಲೆಸ್ಟ್ರಾಲ್ 248. ಮನೆಗೆ ಬಂದು ಹಳೇ ಫೈಲ್ ಹುಡುಕಿದೆ, ಆಪರೇಶನ್ನಿಗೆ ಮುಂಚೆ ಮಾಡಿಸಿದ್ದ ರಿಪೋರ್ಟಲ್ಲಿ 184 ಇತ್ತು. ಎರಡನ್ನೂ ಕಟಿಂಗ್ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಕೊಂಡು ತುಂಬ ಹೊತ್ತು ನೋಡ್ದೆ. ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ 110 ಇದ್ದಿದ್ದು 163. ಟ್ರೈಗ್ಲಿಸರೈಡ್ 120 ಇದ್ದಿದ್ದು 215. ಒಳ್ಳೇ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ 50 ಇದ್ದಿದ್ದು 42.

ಮನೇಲಿ ತೀರ್ಪು ಅವತ್ತೇ ಆಗೋಯ್ತು. ನಮ್ಮತ್ತೆ "ಮುದ್ದೆಗೆ ತುಪ್ಪ ಹಾಕ್ಕೊಂಡ್ ತಿನ್ನೋದು ಜಾಸ್ತಿ ಆಯ್ತು ನಿಂದು" ಅಂದ್ರು, ನಮ್ಮೆಜಮಾನ್ರು ತುಪ್ಪದ ಡಬ್ಬಿನ ಅಟ್ಟದ ಮೇಲಿಟ್ರು. ನಾನು ತಿನ್ನೋದ್ರಲ್ಲಿ ಏನೂ ಬದಲಾಗಿರ್ಲಿಲ್ಲ, ಅದೇ ಮುದ್ದೆ, ಅದೇ ಬಸ್ಸಾರು, ಅದೇ ಒಂದು ಚಮಚ ತುಪ್ಪ ಇಪ್ಪತ್ತು ವರ್ಷದಿಂದ. ತಪ್ಪು ನಂದೇ ಅಂತ ಎಲ್ರೂ ಅನ್ನೋವಾಗ ನಂಗೂ ಹಂಗೇ ಅನ್ನಿಸೋಕೆ ಶುರುವಾಯ್ತು, ಅದು ಆ ನಂಬರಿಗಿಂತ ಜಾಸ್ತಿ ನೋವು ಕೊಡ್ತು.

ಡಾಕ್ಟ್ರು ಥೈರಾಯ್ಡ್ ಚೆಕ್ ಮಾಡ್ಸಿದ್ರು, ಥೈರಾಯ್ಡ್ ಕಮ್ಮಿಯಿದ್ರೂ ಕೊಲೆಸ್ಟ್ರಾಲ್ ಏರುತ್ತಂತೆ, ನಂದು ನಾರ್ಮಲ್. ಶುಗರ್ ಇಲ್ಲ. ಆಮೇಲೆ ಓವರಿ ತೆಗೆದಿದ್ದು ಯಾವಾಗ ಅಂತ ಕೇಳಿ, ದಿನಾಂಕ ಬರ್ಕೊಂಡು, "ಇದು ತುಪ್ಪದ್ದಲ್ಲಮ್ಮ, ಈಸ್ಟ್ರೋಜನ್ ಹೋಗಿರೋದ್ರದ್ದು" ಅಂದ್ರು. ಇಷ್ಟು ದಿನದಲ್ಲಿ ಆ ಮಾತು ಹೇಳಿದ ಮೊದಲನೇ ಮನುಷ್ಯ ಅವ್ರು. ಈ ವಯಸ್ಸಿಗೆ ಓವರಿ ತೆಗೆದೋರಿಗೆ ಸಾಮಾನ್ಯವಾಗಿ ಮುಟ್ಟು ನಿಲ್ಲೋ ವಯಸ್ಸಿನ ತನಕ ಹಾರ್ಮೋನ್ ಕೊಡೋ ಪದ್ಧತಿ ಇದೆ, ಆದ್ರೆ ಎರಡನೇ ಹೆರಿಗೆ ಆದ್ಮೇಲೆ ನಂಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದಕ್ಕೆ ಆ ದಾರಿ ಬೇಡ ಅಂದ್ರು. ಅಪ್ಪಂಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದು ಹೇಳ್ದಾಗ ಸ್ವಲ್ಪ ಸುಮ್ನಾದ್ರು. "ಆರೇಳು ತಿಂಗಳು ಸರಿಯಾಗಿ ನಡೀರಿ, ವಾರಕ್ಕೆ 150 ನಿಮಿಷಕ್ಕೆ ಕಮ್ಮಿ ಆಗ್ಬಾರ್ದು, ಮಧ್ಯೆ ಒಂದ್ಸಲ ಟೆಸ್ಟ್ ಮಾಡೋಣ, ಆಮೇಲೆ ಮಾತ್ರೆ ಬಗ್ಗೆ ನೋಡೋಣ" ಅಂದ್ರು.

ನಮ್ಮಣ್ಣನ ಮಗಳು ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಓದ್ತಿದ್ಲು, ಹಾಸ್ಟೆಲ್ಲಿಂದ ಭಾನುವಾರ ಊಟಕ್ಕೆ ಬರೋಳು. ಅವಳ ಹತ್ರ ನನ್ನ ಮನಸ್ಸಲ್ಲಿದ್ದ ಲೆಕ್ಕ ಹೇಳ್ದೆ. ಈಸ್ಟ್ರೋಜನ್ ಆಗೋದೇ ಕೊಲೆಸ್ಟ್ರಾಲಿಂದ ಅಂತ ಎಲ್ಲೋ ಓದಿದ್ದೆ, ಹಂಗಾದ್ರೆ ಓವರಿ ಇಲ್ದೆ ಖರ್ಚಾಗದೆ ಉಳಿದ ಕೊಲೆಸ್ಟ್ರಾಲೇ ರಕ್ತದಲ್ಲಿ ಸೇರ್ಕೊಳ್ತಿದೆ ಅಲ್ವಾ ಅಂತ. ಅವಳು ತಲೆ ಅಲ್ಲಾಡ್ಸಿದ್ಲು. ಹಾರ್ಮೋನ್ ಮಾಡೋಕೆ ಬೇಕಾಗೋದು ಚಿಟಿಕೆಯಷ್ಟೂ ಇಲ್ಲ ಅತ್ತೆ, ವಿಷಯ ಇರೋದು ಲಿವರಲ್ಲಿ ಅಂದ್ಲು. ರಕ್ತದಲ್ಲಿ ಓಡಾಡೋ ಎಲ್‌ಡಿಎಲ್‌ನ ಹಿಡಿದು ಒಳಗೆ ಎಳ್ಕೊಳ್ಳೋ ರಿಸೆಪ್ಟರ್ ಅಂತ ಲಿವರ್ ಮೇಲೆ ಇರ್ತವೆ, ಅದನ್ನ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು, ಈಸ್ಟ್ರೋಜನ್ ಇದ್ರೆ ಆ ರಿಸೆಪ್ಟರ್ ಜಾಸ್ತಿ ಇರ್ತವೆ, ಹೋದ್ರೆ ಕಮ್ಮಿ ಆಗ್ತವೆ.

ಅವಳು ಪುಸ್ತಕದ ಭಾಷೇಲಿ ಹೇಳ್ತಾ ಹೋದ್ಲು, ನಂಗೆ ಕಣ್ಮುಂದೆ ಬಂದಿದ್ದು ಅಪ್ಪನ ಕಬ್ಬಿನ ಗಾಡಿ. ಕಟಾವ್ ಟೈಮಲ್ಲಿ ಸಕ್ಕರೆ ಫ್ಯಾಕ್ಟರಿ ಗೇಟ್ ಮುಂದೆ ಗಾಡಿ ಸಾಲು ನಿಲ್ತಿತ್ತಲ್ಲ, ಎಲ್ಲ ಗೇಟೂ ತೆಗೆದಿದ್ರೆ ಸಂಜೆಗೆ ತೂಕ ಹಾಕ್ಸಿ ಮನೆಗೆ ಬರೋರು, ಎರಡು ಗೇಟ್ ಮುಚ್ಚಿದ್ರೆ ಎತ್ತು ಬಿಚ್ಚಿ ರೋಡಲ್ಲೇ ರಾತ್ರಿ ಕಳೆಯೋರು, ಹೊಲದಲ್ಲಿ ಒಂದು ಜಲ್ಲೆ ಜಾಸ್ತಿ ಬೆಳೆದಿಲ್ಲ ಆದ್ರೂ ರೋಡ್ ತುಂಬಾ ಗಾಡಿ. ನಿಂತು ನಿಂತು ಕಬ್ಬು ಒಣಗಿ ಕೆಡೋದು. ನನ್ನ ರಕ್ತದಲ್ಲಿ ಆಗಿರೋದು ಅದೇ. ನಾನು ಜಾಸ್ತಿ ತಿಂದಿಲ್ಲ, ಗೇಟ್ ಮುಚ್ಚಿದೆ, ಎಲ್‌ಡಿಎಲ್ ರಕ್ತದಲ್ಲೇ ಜಾಸ್ತಿ ದಿನ ನಿಂತು ಕೆಟ್ಟು ರಕ್ತನಾಳದ ಗೋಡೆಗೆ ಸೇರ್ಕೊಳ್ತಿದೆ. ಹೀಗೆ ಹೇಳಿದ್ದಕ್ಕೆ ಅವಳು ಸರಿಯಾಗಿದೆ ಅಂದ್ಲು, ಒಳಗೆ ಹೋದ ಕಬ್ಬನ್ನ ಅರೆಯೋ ಹಂಗೆ ಲಿವರ್ ಆ ಕೊಲೆಸ್ಟ್ರಾಲನ್ನ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತೆ, ಸೊಪ್ಪು, ಅವರೆಕಾಳು, ಹುರುಳಿ ಥರ ನಾರು ತಿಂದ್ರೆ ಅದ್ರಲ್ಲಿ ಸ್ವಲ್ಪ ಹೊರಗೆ ಹೋಗುತ್ತೆ ಅಂತ ಸೇರ್ಸಿದ್ಲು. ಅಮೆರಿಕದಲ್ಲಿ ಸ್ವಾನ್ ಅಂತ ದೊಡ್ಡ ಅಧ್ಯಯನದಲ್ಲಿ ಸಾವಿರಾರು ಹೆಂಗಸರನ್ನ ವರ್ಷಗಟ್ಲೆ ನೋಡಿದ್ದಾರಂತೆ, ಎಲ್‌ಡಿಎಲ್ ವಯಸ್ಸಿನ ಜೊತೆ ಮೆಲ್ಲಗೆ ಏರ್ತಾ ಹೋಗಲ್ಲ, ಕೊನೇ ಮುಟ್ಟಿನ ಹಿಂದುಮುಂದಿನ ಒಂದು ವರ್ಷದಲ್ಲೇ ದಿಢೀರ್ ಅಂತ ಹತ್ತುತ್ತಂತೆ. ಅವತ್ತು ರಾತ್ರಿ ತುಪ್ಪದ ಡಬ್ಬಿನ ನಾನೇ ಅಟ್ಟದಿಂದ ಇಳಿಸ್ದೆ. ಅರ್ಧ ಚಮಚಕ್ಕೆ ಇಳಿಸ್ಕೊಂಡೆ ಅನ್ನಿ, ಆದ್ರೆ ಇಳಿಸ್ದೆ.

ಮಾರ್ಚ್ ಮೊದಲನೇ ಸೋಮವಾರ ಕುಕ್ಕರಹಳ್ಳಿ ಕೆರೆಗೆ ಹೋದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಮನೆಯಿಂದ ಹತ್ತೇ ನಿಮಿಷ, ಇಷ್ಟು ವರ್ಷದಲ್ಲಿ ನಾನು ಹೋಗಿದ್ದು ಮೂರೋ ನಾಲ್ಕೋ ಸಲ. ಒಂದು ಸುತ್ತು ಸುಮಾರು ನಾಲ್ಕೂವರೆ ಕಿಲೋಮೀಟರ್. ಮೊದಲನೇ ದಿನ ನಂಗೆ 68 ನಿಮಿಷ ಹಿಡೀತು, ಅದೂ ಮೂರು ಕಡೆ ಬೆಂಚಲ್ಲಿ ಕೂತು. ಅರ್ಧ ದಾರೀಲಿ ಬಿಸಿ ಹತ್ತಿ ಮುಖವೆಲ್ಲ ಕೆಂಪಾಗಿ ಸೆರಗಲ್ಲಿ ಗಾಳಿ ಹಾಕ್ಕೊಂಡು ಕೂತಿದ್ದೆ, ಪಕ್ಕದಲ್ಲಿ ವಾಕ್ ಮಾಡ್ತಿದ್ದ ವಯಸ್ಸಾದ ಹೆಂಗಸೊಬ್ರು ನಿಂತು ನೀರಿನ ಬಾಟ್ಲಿ ಕೊಟ್ಟು "ಮುಟ್ಟು ನಿಲ್ತಿದೆಯೇನಮ್ಮಾ" ಅಂತ ಕೇಳಿದ್ರು, ಬೇರೇನೂ ಕೇಳ್ಲಿಲ್ಲ, ಬಿಸಿ ಇಳಿಯೋ ತನಕ ಪಕ್ಕದಲ್ಲೇ ಕೂತಿದ್ರು.

ಎರಡು ವಾರ ಚಪ್ಪಲೀಲೇ ನಡೆದು ಹಿಮ್ಮಡಿ ನೋವು ಬಂತು, ಆಮೇಲೆ ಶೂ ತಗೊಂಡೆ. ಸೀರೆ ಬಿಟ್ಟು ಚೂಡಿದಾರ್. ಹೆಂಗೆ ನಡೀಬೇಕು ಅನ್ನೋದಕ್ಕೆ ಡಾಕ್ಟ್ರು ಒಂದೇ ಗುರುತು ಹೇಳಿದ್ರು, ಪಕ್ಕದೋರ ಜೊತೆ ಮಾತಾಡೋಕಾಗ್ಬೇಕು, ಹಾಡು ಹೇಳೋಕಾಗ್ಬಾರ್ದು. ಹಾಡು ಹೇಳೋ ಹಂಗಿದ್ರೆ ಅದು ಸುತ್ತಾಟ, ಮಾತೂ ಆಡೋಕಾಗ್ದೆ ಇದ್ರೆ ಜಾಸ್ತಿ ಆಯ್ತು ಅಂತ. ನಾನು ಮನಸ್ಸಲ್ಲೇ ದೇವರನಾಮ ಶುರು ಮಾಡಿ ಒಂದು ಸಾಲು ಬಾಯಿಬಿಟ್ಟು ಹೇಳಿ ನೋಡ್ತಿದ್ದೆ, ಎರಡನೇ ಪದಕ್ಕೆ ಉಸಿರು ಸಾಲದೆ ಹೋದ್ರೆ ಸ್ಪೀಡ್ ಸರಿ ಇದೆ. ಏರೋಬಿಕ್ ಅಂದ್ರೆ ಇಷ್ಟೇ, ದೊಡ್ಡ ಮಾಂಸಖಂಡಗಳು ಒಂದೇ ಸಮ ಕೆಲಸ ಮಾಡ್ತಾ ಆಮ್ಲಜನಕ ತಗೊಂಡು ಕೊಬ್ಬು ಸುಡ್ತಾ ಇರ್ಬೇಕು, ಅರ್ಧ ಗಂಟೆ ಮುಕ್ಕಾಲು ಗಂಟೆ ನಿಲ್ಲಿಸ್ದೆ.

ಏಪ್ರಿಲ್ ಕಷ್ಟ ಆಯ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬಿಸಿಲು ಅಂದ್ರೆ ಬಿಸಿಲು, ಊರಲ್ಲಿ ನಾಲೆ ನೀರಿಲ್ದೆ ಅಪ್ಪ ಕಬ್ಬು ಹಾಕದೆ ಸುಮ್ನೆ ಕೂತಿದ್ರು, ನಾನು ಬೆಳಗ್ಗೆ ಆರಕ್ಕೇ ಕೆರೆ ಸೇರ್ಕೊಂಡು ಏಳಕ್ಕೆ ವಾಪಸ್. ಮೇ ತಿಂಗಳಲ್ಲಿ ತಂಗಿ ಮೈದುನನ ಮದುವೆ ಅಂತ 12 ದಿನ ಹೋಗ್ಲೇ ಇಲ್ಲ. ವಾಪಸ್ ಬಂದ ದಿನ ಮೊದಲಿನ ದಮ್ಮೇ ಇರ್ಲಿಲ್ಲ. ಒಂದಿನದ ನಡಿಗೆಯ ಫಲ ರಕ್ತದ ಕೊಬ್ಬಿನ ಮೇಲೆ ಒಂದೆರಡು ದಿನ ಇರುತ್ತೆ ಅಷ್ಟೆ, ಅದಕ್ಕೇ ವಾರಕ್ಕೆ ಐದು ದಿನ ಅನ್ನೋದು, ಭಾನುವಾರ ಒಂದೇ ದಿನ ಎರಡು ಸುತ್ತು ಹೊಡೆದು ಲೆಕ್ಕ ಸರಿ ಮಾಡೋಕಾಗಲ್ಲ.

ಜೂನ್‌ನಲ್ಲಿ ರಿಪೋರ್ಟ್ ಬಂತು. ಎಲ್‌ಡಿಎಲ್ 152. ಲ್ಯಾಬ್ ಮುಂದೆ ಸ್ಕೂಟರ್ ಹತ್ರ ನಿಂತ್ಕೊಂಡೇ ಅತ್ತುಬಿಟ್ಟೆ. ಮೂರೂವರೆ ತಿಂಗಳು, ಕತ್ತಲಲ್ಲಿ ಎದ್ದು, ಹಿಮ್ಮಡಿ ನೋವಲ್ಲಿ, 163ರಿಂದ 152. ನಾನು ನೋಡಿದ್ದು ಅದೊಂದೇ ನಂಬರು.

ಅಣ್ಣನ ಮಗಳು ಮನೆಗೆ ಬಂದವಳು ನನ್ನ ಬಿಲ್ ಬುಕ್ ತಗೊಂಡು ಹಿಂಭಾಗದಲ್ಲಿ ಬರೆದು ತೋರ್ಸಿದ್ಲು. ಬಹಳ ಲ್ಯಾಬುಗಳು ಎಲ್‌ಡಿಎಲ್‌ನ ನೇರವಾಗಿ ಅಳೆಯಲ್ಲವಂತೆ, ಲೆಕ್ಕ ಹಾಕಿ ಬರೀತಾರಂತೆ. ಟೋಟಲ್‌ನಲ್ಲಿ ಎಚ್‌ಡಿಎಲ್ ಕಳಿ, ಆಮೇಲೆ ಟ್ರೈಗ್ಲಿಸರೈಡನ್ನ ಐದರಿಂದ ಭಾಗಿಸಿ ಅದನ್ನೂ ಕಳಿ. ಫೆಬ್ರವರೀದು 248ರಲ್ಲಿ 42 ಹೋಗಿ 206, ಅದ್ರಲ್ಲಿ 215ರ ಐದನೇ ಒಂದು ಭಾಗ 43 ಹೋದ್ರೆ 163. ಜೂನ್‌ದು 226ರಲ್ಲಿ 46 ಹೋಗಿ 180, ಅದ್ರಲ್ಲಿ 140ರ ಐದನೇ ಒಂದು ಭಾಗ 28 ಹೋದ್ರೆ 152. "ಈಗ ನೋಡಿ ಅತ್ತೆ, 215 ಇದ್ದಿದ್ದು 140 ಆಗಿದೆ. ನೀವು ನಡೆದಿದ್ದು ಇಲ್ಲಿದೆ" ಅಂತ ಪೆನ್ನಲ್ಲಿ ಸುತ್ತು ಹಾಕಿದ್ಲು.

ಈ ವಿಷಯ ನಂಗೆ ಮೊದ್ಲೇ ಯಾರಾದ್ರೂ ಹೇಳಿದ್ರೆ ಅವತ್ತು ಅಳ್ತಿರ್ಲಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಲಿವರಿಂದ ಹೊರಡೋ ಗಾಡೀಲಿ ಕೊಬ್ಬೂ ಇರುತ್ತೆ ಕೊಲೆಸ್ಟ್ರಾಲೂ ಇರುತ್ತೆ, ಆ ಕೊಬ್ಬೇ ಟ್ರೈಗ್ಲಿಸರೈಡು. ನಡೆಯೋವಾಗ ಕಾಲಿನ ಮಾಂಸಖಂಡದಲ್ಲಿ ಲೈಪೋಪ್ರೋಟೀನ್ ಲೈಪೇಸ್ ಅನ್ನೋ ಕಿಣ್ವ ಜಾಸ್ತಿ ಆಗಿ ಆ ಕೊಬ್ಬನ್ನ ದಾರೀಲೇ ಇಳಿಸ್ಕೊಂಡು ಸುಡುತ್ತೆ, ಹಂಗಾಗಿ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತೆ, ಎಚ್‌ಡಿಎಲ್ ಒಂಚೂರು ಏರುತ್ತೆ, ಲಿವರಲ್ಲಿ ಕೂತಿರೋ ಕೊಬ್ಬು ಕರಗುತ್ತೆ. ಆದ್ರೆ ಕೊಬ್ಬು ಇಳಿಸಿದ ಮೇಲೆ ಉಳಿಯೋ ಗಾಡಿನೇ ಎಲ್‌ಡಿಎಲ್ಲು, ಅದು ಒಳಗೆ ಹೋಗ್ಬೇಕಾದ್ರೆ ಲಿವರ್ ಗೇಟೇ ತೆಗೀಬೇಕು, ಈಸ್ಟ್ರೋಜನ್ ತೆಗೀತಿದ್ದಷ್ಟು ಗೇಟನ್ನ ನಡಿಗೆ ತೆಗೆಯಲ್ಲ. ಓವರಿ ತೆಗೆದ ಇಲಿಗಳನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿರೋ ಪ್ರಯೋಗಗಳು ಎಷ್ಟೋ ಇವೆಯಂತೆ, ಓವರಿ ಹೋದ ಇಲಿಯ ಲಿವರ್ ಕೊಬ್ಬು ತುಂಬ್ಕೊಳ್ಳುತ್ತೆ, ದಿನಾ ಓಡಿಸಿದ್ರೆ ಆ ಕೊಬ್ಬು ಕಮ್ಮಿ ಆಗುತ್ತೆ. ಆ ಇಲಿಗಳ ವಿಷಯ ಕೇಳಿ ನಂಗೆ ಏನೋ ಆಯ್ತು. ಅವಕ್ಕೂ ಯಾರೂ ಕೇಳಿರಲ್ಲ.

ಆಮೇಲೆ ನಾನು ನಂಬರಿಗೋಸ್ಕರ ನಡೆಯೋದು ಬಿಟ್ಟು ನಡೀತಾ ಹೋದೆ. ಮಳೆಗಾಲದಲ್ಲಿ ಕೊಡೆ ಹಿಡ್ಕೊಂಡು ನಡೆದೆ. ಭಾನುವಾರ ಚಾಮುಂಡಿಬೆಟ್ಟದ ಮೆಟ್ಲು ಶುರು ಮಾಡ್ದೆ, ಸಾವಿರ ಮೆಟ್ಲಲ್ಲಿ ಏಳುನೂರಕ್ಕೆ ಸಿಗೋ ನಂದಿ ತನಕ ಮೊದಲನೇ ಸಲ ಒಂಬತ್ತು ಕಡೆ ನಿಂತಿದ್ದೆ, ಸೆಪ್ಟೆಂಬರ್ ಹೊತ್ತಿಗೆ ಎರಡೇ ಕಡೆ. ಕೆರೆ ಸುತ್ತು 46 ನಿಮಿಷಕ್ಕೆ ಬಂತು. ಗಂಟೆಗೊಂದ್ಸಲ ಮೆಶಿನ್ ಬಿಟ್ಟು ಎದ್ದು ಐದು ನಿಮಿಷ ಓಡಾಡ್ತೀನಿ, ಅಷ್ಟರಲ್ಲಿ ಒಂದು ಬ್ಲೌಸ್ ಹೆಮ್ಮಿಂಗ್ ಆಗ್ತಿತ್ತು ಅನ್ನೋ ಲೆಕ್ಕ ಬಿಟ್ಟೆ. ರಾತ್ರಿ ಏಳೋದು ನಾಲ್ಕರಿಂದ ಒಂದಕ್ಕೆ ಬಂತು, ಇದಕ್ಕೆ ನಡಿಗೇನೇ ಕಾರಣ ಅಂತ ಹೇಳಕ್ಕಾಗಲ್ಲ, ದಿನ ಕಳೆದ ಹಂಗೆ ತಾನಾಗೇ ಇಳಿದಿರ್ಲೂಬೋದು. ಕೆರೆ ನಡುವಿನ ದ್ವೀಪದಲ್ಲಿ ಹೆಜ್ಜಾರ್ಲೆಗಳು ಕೂತಿರ್ತವೆ, ಅವು ನೀರಿಗೆ ಇಳಿಯೋದನ್ನ ನೋಡೋಕೆ ಅಂತಾನೇ ಒಂದು ಜಾಗದಲ್ಲಿ ಮಾತ್ರ ನಿಧಾನ ಮಾಡ್ತೀನಿ.

ಅಕ್ಟೋಬರಲ್ಲಿ ದಸರಾ ಗಲಾಟೆ ಮುಗಿದ್ಮೇಲೆ ಮತ್ತೆ ಟೆಸ್ಟು. ಟ್ರೈಗ್ಲಿಸರೈಡ್ 128, ಎಚ್‌ಡಿಎಲ್ 48, ಎಸ್‌ಜಿಪಿಟಿ 29, ಸ್ಕ್ಯಾನಲ್ಲಿ ಲಿವರ್ ನಾರ್ಮಲ್. ಟೇಪಲ್ಲಿ ಮೂವತ್ನಾಲ್ಕೂವರೆ ಇಂಚು, ತೂಕ ಇಳಿದಿದ್ದು ಮೂರು ಕೆಜಿನೂ ಇಲ್ಲ. ಎಲ್‌ಡಿಎಲ್ 147.

ಡಾಕ್ಟ್ರು ರಿಪೋರ್ಟ್ ನೋಡಿ ಮೊದಲು ಲಿವರ್ ಹಾಳೇನ ಎತ್ತಿ ತೋರ್ಸಿ "ಇದು ಯಾವ ಮಾತ್ರೇಲೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ" ಅಂದ್ರು. ಆಮೇಲೆ ನಿಧಾನಕ್ಕೆ, ಅಪ್ಪಂದು ಹಂಗಾಗಿದೆ, ನಿಮ್ದು ಬೇಗ ಓವರಿ ಹೋಗಿದೆ, 147 ಬಿಡೋ ಹಂಗಿಲ್ಲ, ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಶುರು ಮಾಡೋಣ ಅಂದ್ರು. ನಂಗೆ ಮನಸ್ಸಿರ್ಲಿಲ್ಲ. ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ಅಂತಾರೆ, ಕೈಕಾಲು ನೋವು ಬರುತ್ತೆ ಅಂತಾರೆ, ಎಲ್ಲಕ್ಕಿಂತ ಜಾಸ್ತಿ, ಇಷ್ಟು ನಡೆದೂ ಮಾತ್ರೆ ತಗೊಂಡ್ರೆ ಸೋತ ಹಂಗೆ ಅನ್ನಿಸ್ತಿತ್ತು. ಆ ಮಾತ್ರೆ ಏನ್ ಮಾಡುತ್ತೆ ಅಂತ ಕೇಳ್ದೆ. ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರ್ಸೋದನ್ನ ಕಮ್ಮಿ ಮಾಡುತ್ತೆ, ಆಗ ಲಿವರಿಗೆ ಕೊಲೆಸ್ಟ್ರಾಲ್ ಸಾಲದೆ ರಕ್ತದಿಂದ ಎಳ್ಕೊಳ್ಳೋಕೆ ಅಂತ ರಿಸೆಪ್ಟರ್ ಜಾಸ್ತಿ ಮಾಡ್ಕೊಳ್ಳುತ್ತೆ ಅಂದ್ರು.

ಅಂದ್ರೆ ಗೇಟ್ ತೆಗೆಯುತ್ತೆ. ಫ್ಯಾಕ್ಟರಿಯೋರ ಸ್ವಂತ ತೋಟದ ಕಬ್ಬು ನಿಂತ್ರೆ ರೈತರ ಗಾಡಿಗೆ ಗೇಟ್ ತೆಗೀಲೇಬೇಕಲ್ಲ. ಈಸ್ಟ್ರೋಜನ್ ಹೋಗಿ ಮುಚ್ಚಿದ್ದ ಅದೇ ಗೇಟು, ಬೇರೆ ಕೀಲಿ. ಕೂತಲ್ಲೇ ನಂಗೆ ಅರ್ಥ ಆಯ್ತು, ನಡಿಗೆ ಒಂದು ಕೆಲಸ ಮಾಡಿದೆ ಮಾತ್ರೆ ಇನ್ನೊಂದು ಕೆಲಸ ಮಾಡುತ್ತೆ, ಒಂದು ಸೋತು ಇನ್ನೊಂದು ಗೆಲ್ಲೋದಲ್ಲ. ಚೀಟಿ ತಗೊಂಡು ಬಂದೆ. ಡಿಸೆಂಬರಲ್ಲಿ ಎಲ್‌ಡಿಎಲ್ 90. ಮೊದಲ ಎರಡು ವಾರ ತೊಡೆ ಸ್ವಲ್ಪ ಹಿಡಿದ ಹಂಗಾಗಿತ್ತು, ಆಮೇಲೆ ಏನೂ ಇಲ್ಲ.

ಈ ವರ್ಷ ಮದ್ದೂರಲ್ಲಿರೋ ನನ್ನ ತಂಗಿಗೂ ಫೈಬ್ರಾಯ್ಡ್ ಅಂತ ಗೊತ್ತಾಗಿ ಗರ್ಭಕೋಶ ತೆಗೀಬೇಕು ಅಂದ್ರು, ಅವಳಿಗಿನ್ನೂ 43. ಮಂಡ್ಯದಲ್ಲಿ ಡಾಕ್ಟ್ರ ಹತ್ರ ನಾನೇ ಜೊತೆಗೆ ಹೋದೆ, ಕೇಳ್ಬೇಕಾಗಿದ್ದನ್ನ ಬಿಲ್ ಬುಕ್ ಹಾಳೇಲಿ ಬರ್ಕೊಂಡು. ಓವರಿ ಚೆನ್ನಾಗಿದ್ರೆ ಬಿಡಬೋದಾ, ನಮ್ಮನೇಲಿ ಯಾರಿಗೂ ಓವರಿ ಕ್ಯಾನ್ಸರ್ ಆಗಿಲ್ಲ, ಸ್ತನದ ಕ್ಯಾನ್ಸರೂ ಇಲ್ಲ. ಆ ಹೆಣ್ಮಗಳು ಡಾಕ್ಟ್ರು ಸ್ಕ್ಯಾನ್ ಇನ್ನೊಂದ್ಸಲ ನೋಡಿ, ಓವರಿ ಎರಡೂ ಚೆನ್ನಾಗಿವೆ, ಬಿಡ್ತೀನಿ, ಓವರಿಯಿಂದ ಗರ್ಭಕೋಶಕ್ಕೆ ಹೋಗೋ ಟ್ಯೂಬ್ ಮಾತ್ರ ತೆಗೀತೀನಿ, ಓವರಿ ಕ್ಯಾನ್ಸರ್ ಬಹಳಷ್ಟು ಶುರುವಾಗೋದೇ ಟ್ಯೂಬಿಂದ ಅಂದ್ರು. ಓವರಿ ಬಿಟ್ರೂ ಕೆಲವ್ರಿಗೆ ಮುಟ್ಟು ನಿಲ್ಲೋ ಕಾಲ ಒಂದೆರಡು ವರ್ಷ ಮುಂಚೆ ಬರುತ್ತೆ, ಅದಕ್ಕೆ ರಕ್ತ ಈಗ್ಲೇ ಟೆಸ್ಟ್ ಮಾಡಿಸಿ ಇಟ್ಕೊಳ್ಳಿ ಅಂತ ಅವ್ರೇ ಹೇಳಿದ್ರು. ಮಾಡ್ಸಿದ್ವಿ. ನನ್ನ ಲೆಕ್ಕ ಬರೆದಿದ್ದ ಹಾಳೆಯ ಪಕ್ಕದ ಹಾಳೇಲಿ ತಂಗಿದು ಬರ್ಕೊಂಡೆ, ಎಲ್‌ಡಿಎಲ್ 104, ಟ್ರೈಗ್ಲಿಸರೈಡ್ 112, ಸೊಂಟ 32 ಇಂಚು. ಆಪರೇಶನ್ ಮುಂದಿನ ಬುಧವಾರ.